ರಾಗಿ ಕಾಯುವವರ ಗಂಟಲು

ನಮ್ಮ ಲೊಕ್ಕನಹಳ್ಳಿ ಕಡೆ ರಾಗಿ ತೆನೆ ಕಟ್ಟಿದರೆ ಗಂಡಸರ ದನಿ ಒಡೆಯುತ್ತದೆ. ಕಾಡಂಚಿನ ಹೊಲ, ಅಟ್ಟಣೆ ಮೇಲೆ ಕೂತು ಆನೆ, ಹಂದಿ ಓಡಿಸಬೇಕಲ್ಲ. ಮುಸ್ಸಂಜೆ ಅಟ್ಟಣೆ ಹತ್ತಿದ ಕೂಡಲೇ ಒಬ್ಬ 'ಓ...' ಎಂದು ಕೂಗಬೇಕು, ಪಕ್ಕದ ಹೊಲದವನು ಓಗೊಡಬೇಕು, ಹಾಗೇ ಕೊನೆಯ ಹೊಲದವರೆಗೆ. ಓಗೊಡದಿದ್ದರೆ ಅವನಿಗೇನೋ ಆಗಿದೆ ಎಂದು ಎಲ್ಲರೂ ಓಡಿ ಬರುತ್ತಾರೆ.

ಹಾಗಾಗಿ ಅಪ್ಪನ ದನಿ ಗೊಗ್ಗರಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವ್ವ ಮೆಣಸಿನ ಕಷಾಯ ಕೊಟ್ಟಳು. ಕಣ ಮುಗಿದರೂ ದನಿ ತಿಳಿಯಾಗಲಿಲ್ಲ. ನನ್ನ ಗಂಡನ ಮನೆ ಯಳಂದೂರು. ಅಲ್ಲಿಂದ ಬಂದಾಗಲೆಲ್ಲ ಡಾಕ್ಟರಿಗೆ ತೋರಿಸು ಎಂದು ರೇಗುತ್ತಿದ್ದೆ.

"ಕೂಗೋರ್ ಗಂಟ್ಲು ಕಟ್ದೆ ಇದ್ದದಾ? ಸುಮ್ಕಿರು ಕಣವ್ವ" ಎನ್ನುತ್ತಿದ್ದ ಅಪ್ಪ.

ಊರವರು ಬೇರೆ, ಆನೆ ಓಡಿಸಿದ ಗಂಟಲು ಅಂತ ಹೊಗಳುವುದು! ಆ ಹೊಗಳಿಕೆಗಿಷ್ಟು ಬೆಂಕಿ ಹಾಕ. ಇನ್ನೊಂದು ಸುಗ್ಗಿ ಕಳೆದು, ಉಸಿರಾಡಿದರೆ ಸೀಟಿಯಂಥ ಸದ್ದು ಬರತೊಡಗಿದಾಗ ಕೊಳ್ಳೇಗಾಲಕ್ಕೆ ಎಳೆದುಕೊಂಡು ಹೋದೆ.

ಗಂಟಲ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿ ಮೈಸೂರಿಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದರು, ಚೂರು ತೆಗೆದು ಪರೀಕ್ಷಿಸಿದರು. ಧ್ವನಿಪೆಟ್ಟಿಗೆಯ ಮೃದು ಮೂಳೆಯಲ್ಲೇ ಹುಟ್ಟಿದ ಕ್ಯಾನ್ಸರ್, ಬಹಳ ಅಪರೂಪದ್ದು, ನಿಧಾನಕ್ಕೆ ಬೆಳೆಯುತ್ತದೆ, ವಿಕಿರಣದ ಕರೆಂಟು ಕೊಟ್ಟರೂ ಸುಲಭಕ್ಕೆ ಕರಗುವುದಿಲ್ಲ ಎಂದರು. ಬೇಗ ಬಂದಿದ್ದರೆ ಗೆಡ್ಡೆಯಷ್ಟನ್ನೇ ತೆಗೆಯಬಹುದಿತ್ತಂತೆ. ಈಗ ಪೆಟ್ಟಿಗೆಯನ್ನೇ ತೆಗೆಯಬೇಕು.

"ಆಮೇಲ್ ಕೂಗಕ್ಕಾಯ್ತದಾ ಸಾ?" ಅಪ್ಪ ಕೇಳಿದ.

"ಇಲ್ಲಪ್ಪ. ಕತ್ತಲ್ಲಿ ತೂತು ಮಾಡ್ತೀವಿ, ಅದರಲ್ಲೇ ಉಸಿರಾಡಬೇಕು."

"ಅಂಗಾರೆ ಬ್ಯಾಡ ಬುಡಿ. ಮೂಗ ಆಗಿ ಬದ್ಕಕ್ಕಿಂತ ಇಂಗೇ ಓಯ್ತೀನಿ."

ಹೊರಗೆ ಬಂದವಳೇ ಹರಿಹಾಯ್ದೆ. "ನೀನ್ ಓದ್ರೆ ಅವ್ವ ದಿನಾ ಯಾರ್ನ ಬಯ್ಬೇಕು? ಸಾಯಕ್ಕೆ ಅಷ್ಟ್ ಅರ್ಜೆಂಟಾ ನಿಂಗೆ?"

ಅಪ್ಪ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಒಳಗೆ ಹೋಗಿ ಒಪ್ಪಿಕೊಂಡ. ಆಪರೇಷನ್ ಆದ ಮೇಲೆ ಅವನ ದನಿಯನ್ನು ನಾನು ಮತ್ತೆ ಕೇಳಲಿಲ್ಲ.

ಈ ಸಲ ತೆನೆ ಕಟ್ಟಿದಾಗ, ಬೇಡವೆಂದರೂ ಕತ್ತಿನ ತೂತಿನ ಮೇಲೆ ತೆಳು ಬಟ್ಟೆ ಕಟ್ಟಿಕೊಂಡು ಅಪ್ಪ ಅಟ್ಟಣೆ ಹತ್ತಿದ. ನಾನೂ ಹತ್ತಿದೆ. ಕೂಗಿನ ಬದಲು ಬಾರಿಸಲು ತಗಡಿನ ಡಬ್ಬ ಇಟ್ಟುಕೊಂಡಿದ್ದೆವು. ಪಕ್ಕದ ಹೊಲದಿಂದ 'ಓ...' ಬಂತು. ಡಬ್ಬ ಮರೆತು ಅಪ್ಪ ಬಾಯಿ ತೆರೆದ. ಕತ್ತಿನ ಬಟ್ಟೆಯಷ್ಟೇ ಅಲ್ಲಾಡಿತು. ಮತ್ತೆ ಕೂಗು ಬಂತು.

"ಅಣ್ಣೋ, ಇದ್ದೀಯಾ?"

"ಅವ್ನೆ ಕಣ್ರೋ! ಅಪ್ಪ ಇಲ್ಲೇ ಅವ್ನೆ!" ಎಂದು ಕಿರುಚಿದೆ. ಅಳು ನುಗ್ಗಿ ನನ್ನ ದನಿ ಗೊಗ್ಗರಾಯಿತು.

ಅಪ್ಪ ಬೆಚ್ಚಿಬಿದ್ದ. ನನ್ನ ಗಂಟಲು ಮುಟ್ಟಿ ನೋಡಿ, ನಾಳೆಯೇ ಹೋಗಿ ತೋರಿಸು ಎಂಬಂತೆ ಕೊಳ್ಳೇಗಾಲದ ದಿಕ್ಕಿಗೆ ಕೈ ಮಾಡಿದ.