ಭಾವನ ಕಾರಿಗೊಂದು ಬ್ಯಾಟರಿ

ನನ್ನ ಭಾವ ಹಲ್ಲು ಮಾಡುವವರು. ಹಲ್ಲು ಕೀಳುವ ಡಾಕ್ಟರಲ್ಲ. ಕಿತ್ತ ಮೇಲೆ ಉಳಿಯುವ ಖಾಲಿ ಜಾಗಕ್ಕೆ ಬೇಕಾದ ಸೆಟ್ಟನ್ನು ಕ್ಲಿನಿಕ್ಕಿನ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು, ಮೇಣದಲ್ಲಿ ತಿದ್ದಿ ಮಾಡಿಕೊಡುವವರು. ಊರಿನ ಅರ್ಧ ನಗು ಅವರ ಕೈಯದು. ಸ್ವತಃ ನಗುವುದು ಮಾತ್ರ ಕಡಿಮೆ. ಹಲ್ಲು ಕಚ್ಚಿಕೊಂಡು ಜೀವನ ಕಳೆದವರು ಬೇಕಾದಷ್ಟಿದ್ದಾರೆ. ಬೇರೆಯವರ ಹಲ್ಲು ಹಿಡಿದುಕೊಂಡು ಕಳೆದವರು ನನಗೆ ಗೊತ್ತಿರುವಂತೆ ಇವರೊಬ್ಬರೇ. ಕತ್ತು ಬಗ್ಗಿಸಿ ಕೂತು ಕೂತು ಬೆನ್ನು ಹಾಳಾಗಿದೆ. ಸಂಜೆ ಮನೆಗೆ ಬಂದರೆ ಶೂ ಬಿಚ್ಚುವ ಮೊದಲು ಸ್ವಲ್ಪ ಹೊತ್ತು ಶೂಗಳನ್ನೇ ನೋಡುತ್ತಾ ನಿಲ್ಲುತ್ತಾರೆ. ಬಗ್ಗಬೇಕಲ್ಲ ಎಂಬ ಯೋಚನೆ.

ಈ ಭಾವನಿಗೆ ಒಂದು ಸ್ಪೋರ್ಟ್ಸ್ ಕಾರು ಇದೆ ಎಂದರೆ ಯಾರೂ ನಂಬುವುದಿಲ್ಲ. ಅವರೇ ಪೂರ್ತಿ ನಂಬಿದಂತೆ ನನಗೆ ಕಂಡಿಲ್ಲ. ಕಡು ಹಸಿರು ಬಣ್ಣ, ಮಡಚಿಡುವ ಬಟ್ಟೆಯ ಟಾಪು, ಎರಡೇ ಸೀಟು. ಎಷ್ಟು ತಗ್ಗೆಂದರೆ, ಕೂತಲ್ಲಿಂದಲೇ ಕೈ ಇಳಿಬಿಟ್ಟು ರಸ್ತೆಯ ಮೇಲಿನ ಕಲ್ಲು ಆಯ್ದುಕೊಳ್ಳಬಹುದು. ಅದು ಕ್ಲಿನಿಕ್ಕಿನ ಹಳೆಯ ಡಾಕ್ಟರದು. ಅವರ ಮಂಡಿಗಳು ಇನ್ನು ಈ ಕಾರಿಗೆ ಮಡಚುವುದಿಲ್ಲ ಎಂದು ಹಟ ಹಿಡಿದ ವರ್ಷ, ಮಕ್ಕಳು ಮೊಮ್ಮಕ್ಕಳು ಎಲ್ಲರೂ ಬೇಡವೆಂದ ಮೇಲೆ, ಕೀಲಿಕೈಯನ್ನು ತಂದು ಭಾವನ ಮೇಜಿನ ಮೇಲೆ ಅಚ್ಚುಗಳ ನಡುವೆ ಇಟ್ಟು ಹೋದರಂತೆ. ಭಾವ ಅದನ್ನು ಯಾರೋ ಮರೆತು ಹೋದ ಸೆಟ್ಟಿನಂತೆ ಒಂದು ವಾರ ಡ್ರಾಯರಿನಲ್ಲಿ ಜೋಪಾನ ಮಾಡಿದ್ದರು.

ನನ್ನ ಅಕ್ಕ ಆ ಕಾರಿಗೆ ಬಾಣಲೆ ಎಂದು ಹೆಸರಿಟ್ಟಳು. ತಗ್ಗು, ಅಗಲ, ಬಿಸಿಲಿಗೆ ನಿಲ್ಲಿಸಿದರೆ ಕಾಯುತ್ತದೆ. ಆದರೂ ಮೊದಮೊದಲು ಭಾನುವಾರ ಬೆಳಿಗ್ಗೆ ಇಬ್ಬರೂ ಅದರಲ್ಲಿ ಹೋಗುತ್ತಿದ್ದರು. ಅಕ್ಕ ತಲೆಗೆ ಸ್ಕಾರ್ಫ್ ಕಟ್ಟುತ್ತಿದ್ದಳು. ಆಮೇಲೆ ಅವಳ ಮಂಡಿಯೂ ಡಾಕ್ಟರ ಮಂಡಿಯ ಪಕ್ಷ ಸೇರಿತು. ಒಮ್ಮೆ ಸಂಬಂಧಿಕರ ಮನೆ ಬಾಗಿಲಲ್ಲಿ ಇಳಿಯಲಾಗದೆ, ಇಬ್ಬರು ಎರಡು ಕೈ ಹಿಡಿದು ಎಳೆದು, ಮೂರನೆಯವರು ಹಿಂದಿನಿಂದ ತಳ್ಳಿ ಅವಳನ್ನು ಎಬ್ಬಿಸುವಾಗ, ನಿಂತಿದ್ದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಅಂದಿನಿಂದ ಅಕ್ಕ ಕಾರಿನ ಹತ್ತಿರ ಸುಳಿಯಲಿಲ್ಲ. ಭಾವನೂ ಓಡಿಸುವುದನ್ನು ಬಿಟ್ಟರು. ಕಾರಣ ಕೇಳಿದರೆ ಒಂದು ದಿನ ಟ್ರಾಫಿಕ್ಕು, ಒಂದು ದಿನ ಎದುರಿನ ಲೈಟು ಕಣ್ಣಿಗೆ ಹೊಡೆಯುತ್ತದೆ, ಇನ್ನೊಂದು ದಿನ ಟಾಪಿನ ಬಟ್ಟೆ ಸೋರುತ್ತದೆ.

ಓಡಿಸುವುದನ್ನು ಬಿಟ್ಟರೂ ಭಾವ ನೋಡಿಕೊಳ್ಳುವುದನ್ನು ಬಿಡಲಿಲ್ಲ. ಇವರ ಫ್ಲ್ಯಾಟಿನ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಕರೆಂಟಿನ ಪ್ಲಗ್ಗಿಲ್ಲ. ಆದ್ದರಿಂದ ಪ್ರತಿ ಶನಿವಾರ ಸೀಟು ಮುಂದಕ್ಕೆ ಬಾಗಿಸಿ, ಅದರ ಹಿಂದಿನ ತಗಡಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಬಾವಿಗೆ ಬಗ್ಗಿದಂತೆ ಬಗ್ಗಿ ಬ್ಯಾಟರಿ ಎತ್ತಿ, ಎದೆಗವಚಿಕೊಂಡು ಮಹಡಿ ಹತ್ತಿ, ಬಚ್ಚಲುಮನೆಯ ಗೀಸರ್ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸುತ್ತಿದ್ದರು. ಭಾನುವಾರ ಮತ್ತೆ ಕೆಳಗೆ. ಹಾಕಿ, ಇಂಜಿನ್ ಶುರು ಮಾಡಿ, ಒಂದು ಮಾರು ಮುಂದೆ, ಒಂದು ಮಾರು ಹಿಂದೆ, ಆಫ್. ಮನೆಯಲ್ಲಿ ಆ ದಿನ ಯಾರಿಗೂ ಬಿಸಿನೀರಿಲ್ಲ. ಆಸಿಡ್ ತಾಗಿ ತೂತಾದ ಟವೆಲ್ಲುಗಳನ್ನು ಅಕ್ಕ ಒಂದೊಂದಾಗಿ ನೆಲ ಒರೆಸುವ ಬಟ್ಟೆಯ ಹುದ್ದೆಗೆ ಇಳಿಸಿದಳು. ಇಷ್ಟು ಉಪಚಾರ ಕಂಡೂ ಬ್ಯಾಟರಿಗಳು ಒಂದರ ಹಿಂದೊಂದು ಕಣ್ಣು ಮುಚ್ಚಿದವು. ಹೊಸದು ಬರುವುದು, ವರ್ಷ ತುಂಬುವುದರೊಳಗೆ ಹೋಗುವುದು.

ಈ ಸಲದ್ದು ಹೋಗುವಾಗ ಭಾವನ ಬೆನ್ನನ್ನೂ ಕರೆದುಕೊಂಡು ಹೋಯಿತು. ಮೆಟ್ಟಿಲ ತಿರುವಿನಲ್ಲಿ ಬ್ಯಾಟರಿ ಅಪ್ಪಿಕೊಂಡು ನಿಂತವರು ಅತ್ತಲೂ ಹೋಗಲಾರದೆ ಇತ್ತಲೂ ಬರಲಾರದೆ ನಿಂತೇ ಇದ್ದರು. ನಾನು ಹೋಗಿ ಬ್ಯಾಟರಿ ಬಿಡಿಸಿಕೊಂಡೆ. ಅಕ್ಕ ಅವರನ್ನು ಬಿಡಿಸಿಕೊಂಡಳು. ಮೂಳೆ ಡಾಕ್ಟರರು ಎಕ್ಸ್‌ರೇ ನೋಡಿ, ಹಾಲಿನ ಪ್ಯಾಕೆಟ್ಟಿಗಿಂತ ಭಾರವಾದದ್ದನ್ನು ಎತ್ತಕೂಡದು ಎಂದರು.

ಅಲ್ಲಿಗೆ ಕಾರಿನ ಕಥೆ ಮುಗಿಯಬೇಕಿತ್ತು. ಒಬ್ಬ ಫೋಟೋ ಸ್ಟುಡಿಯೋದವನು ಬಹಳ ದಿನದಿಂದ ಅದರ ಮೇಲೆ ಕಣ್ಣಿಟ್ಟಿದ್ದ. ಒಳಗಿಟ್ಟು, ಮದುವೆಯಾದ ಜೋಡಿಗಳನ್ನು ಕೂರಿಸಿ, ಫ್ಯಾನಿನಿಂದ ಕೂದಲು ಹಾರಿಸಿ ಫೋಟೋ ತೆಗೆಯುವುದು ಅವನ ಯೋಜನೆ. ಬಂದು ಸುತ್ತ ನೋಡಿ, ಬ್ಯಾಟರಿ ಹೋಗಿದೆ ಎಂದು ಭಾವ ಸಂಕೋಚದಿಂದ ಹೇಳಿದಾಗ ಧಾರಾಳವಾಗಿ ನಕ್ಕ.

"ಬ್ಯಾಟರಿ ನಮಗೆ ಬೇಡ ಸರ್. ಇಂಜಿನ್ನೂ ತೆಗೆಸಿಬಿಡ್ತೀವಿ. ಸುಮ್ನೆ ಭಾರ."

ಭಾವ ಅಂದು ಊಟಕ್ಕೆ ಕೂತು ಅನ್ನವನ್ನು ಕಲಸುತ್ತಲೇ ಇದ್ದರು. ಸೋಮವಾರ ಹೇಳುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದರು. ಅಕ್ಕನ ತೀರ್ಪು ಸ್ಪಷ್ಟವಾಗಿತ್ತು: ಎತ್ತಿ ಹೊತ್ತು ತರಬೇಕಾಗಿಲ್ಲದ ಬ್ಯಾಟರಿ ಎಲ್ಲಾದರೂ ಸಿಕ್ಕರೆ ಬಾಣಲೆ ಇರಲಿ; ಇಲ್ಲದಿದ್ದರೆ ಸ್ಟುಡಿಯೋಗೆ ಹೋಗಲಿ. ಗಂಡನ ಬೆನ್ನು ಒಂದೇ ಇರುವುದು.

ಹಾಗೆ ಶನಿವಾರ ನಾವು ಮೂವರೂ ನನ್ನ ಕಾರಿನಲ್ಲಿ ಬ್ಯಾಟರಿ ಅಂಗಡಿಗೆ ಹೊರಟೆವು. ಭಾವನ ತೊಡೆಯ ಮೇಲೆ ಒಂದು ಬಿಳಿಯ ಪೆಟ್ಟಿಗೆಯಿತ್ತು. ಏನೆಂದು ಕೇಳಿದೆ. ಕಾರಿನಲ್ಲಿ ಬ್ಯಾಟರಿ ಕೂರುವ ಗುಂಡಿಯ ಅಚ್ಚು ಎಂದರು. ಬೇರೆಯವರಾಗಿದ್ದರೆ ಟೇಪು ಹಿಡಿದು ಉದ್ದ, ಅಗಲ, ಎತ್ತರ ಬರೆದುಕೊಂಡು ಬರುತ್ತಿದ್ದರು. ಇವರು ಬೆನ್ನಿಗೆ ಬೆಲ್ಟು ಕಟ್ಟಿಕೊಂಡು, ಕಾರಿನ ಹಿಂಭಾಗಕ್ಕೆ ಬಾಯಿ ತೆರೆಯಲು ಹೇಳಿದವರಂತೆ ಮುಚ್ಚಳ ತೆಗೆದು, ಮೇಣ ಒತ್ತಿ, ಪ್ಲಾಸ್ಟರ್ ಎರೆದು ತಂದಿದ್ದರು. ಗುಂಡಿಯ ತಳದ ಉಬ್ಬು, ಮೂಲೆಯ ಬೋಲ್ಟು, ತಂತಿ ಬರುವ ಸಂದು ಎಲ್ಲ ಅದರಲ್ಲಿತ್ತು. ಮುಚ್ಚಳವೂ ಬೇರೆಯಾಗಿ ಇತ್ತು. ಮೇಲ್ದವಡೆ, ಕೆಳದವಡೆ.

"ಅಳತೆ ತಪ್ಪಬಹುದು ಕಣೋ," ಎಂದರು ಭಾವ. "ಅಚ್ಚು ತಪ್ಪಲ್ಲ."

ಅಂಗಡಿ ಉದ್ದಕ್ಕಿತ್ತು, ಬಾಗಿಲಿನಿಂದ ಹಿಂಗೋಡೆಯವರೆಗೆ ಎರಡೂ ಕಡೆ ಬ್ಯಾಟರಿಗಳ ಸಾಲು. ನೆಲ ಅಲ್ಲಲ್ಲಿ ಆಸಿಡ್ಡಿಗೆ ಬೆಳ್ಳಗಾಗಿತ್ತು. ಮಾಲೀಕರು ನಡುವಯಸ್ಸಿನ ಹೆಂಗಸು. ಕನ್ನಡಕ ದಾರದಲ್ಲಿ ಕತ್ತಿಗೆ ನೇತಾಡುತ್ತಿತ್ತು, ಬೆಳಗಿನಿಂದ ಅದೇ ಮಾತು ಆಡಿ ಆಡಿ ಗಂಟಲು ಒಣಗಿದಂತಿತ್ತು. ಪ್ಲಾಸ್ಟರ್ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಇಟ್ಟಾಗ ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿದರು, ಏನೂ ಕೇಳಲಿಲ್ಲ. ಅಂಗಡಿ ಇಟ್ಟವರಿಗೆ ಎಲ್ಲ ಬಗೆಯ ಗಿರಾಕಿಗಳೂ ಅಭ್ಯಾಸ.

ಭಾವ ಮೊದಲು ಕೈ ಇಟ್ಟದ್ದು ಹಗುರವಾದ ಒಂದರ ಮೇಲೆ. ಹೊಸ ಬಗೆಯದು. ಒಂದೇ ಕೈಯಲ್ಲಿ ಎತ್ತಬಹುದಿತ್ತು. ಅದನ್ನು ಎತ್ತಿ ಹಿಡಿದ ಭಾವನ ಮುಖದಲ್ಲಿ, ಬಹಳ ದಿನದ ಮೇಲೆ, ಏನೋ ಹಗುರವಾಯಿತು. ಮಾಲೀಕರು ಕಾರು ಯಾವ ಕಾಲದ್ದು ಎಂದು ಕೇಳಿ ತಲೆಯಾಡಿಸಿದರು. ಅಷ್ಟು ಹಳೆಯ ಕಾರಿನ ಡೈನಮೋ ಕೊಡುವ ಕರೆಂಟು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಈ ಬ್ಯಾಟರಿಗೆ ಅದು ಒಗ್ಗುವುದಿಲ್ಲ, ಕೊಡಿ ಎಂದರೆ ಕೊಡುತ್ತೇನೆ, ಗ್ಯಾರಂಟಿ ಮಾತ್ರ ಕೇಳಬೇಡಿ ಎಂದರು. ಭಾವ ಅದನ್ನು ಇದ್ದಲ್ಲೇ ಇಟ್ಟರು. ಇಟ್ಟ ಮೇಲೂ ಒಂದು ಗಳಿಗೆ ಕೈ ತೆಗೆಯಲಿಲ್ಲ.

ಎರಡನೆಯದು ಪೂರ್ತಿ ಸೀಲ್ ಮಾಡಿದ್ದು. ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟರೂ ಸುಲಭವಾಗಿ ಸಾಯುವುದಿಲ್ಲವಂತೆ. ಇದು ಬೇಕಾಗಿದ್ದದ್ದೇ. ಎತ್ತಿದವನು ನಾನು, ಹಳೆಯದಕ್ಕಿಂತ ಭಾರ. ಪ್ಲಾಸ್ಟರಿನೊಳಗೆ ಇಳಿಸಿದೆ, ಕೂತಿತು. ಭಾವ ಜೇಬಿನಿಂದ ನೀಲಿ ಕಾಗದದ ಒಂದು ಚೂರು ತೆಗೆದರು. ಹೊಸ ಹಲ್ಲು ಎಲ್ಲಿ ಎತ್ತರವಾಗಿ ತಾಗುತ್ತದೆ ಎಂದು ನೋಡಲು ರೋಗಿಯ ಬಾಯಲ್ಲಿಟ್ಟು ಕಚ್ಚಿಸುತ್ತಾರಲ್ಲ, ಅದೇ. ಬ್ಯಾಟರಿಯ ತಂತಿ ಸಿಕ್ಕಿಸುವ ಎರಡು ತುದಿಗಳ ಮೇಲೆ ಅದನ್ನು ಹರಡಿ, ಮುಚ್ಚಳವನ್ನು ಮೆಲ್ಲಗೆ ಇಳಿಸಿ, ಒತ್ತಿ, ಎತ್ತಿದರು. ಬಿಳಿಯ ಮುಚ್ಚಳದ ಒಳಗೆ ನೀಲಿ ಚುಕ್ಕೆಗಳು ಎರಡು ಸ್ಪಷ್ಟವಾಗಿ ಮೂಡಿದ್ದವು.

"ತಾಗ್ತಿದೆ," ಎಂದರು ಭಾವ.

ನಿಜವಾದ ಮುಚ್ಚಳ ತಗಡಿನದು. ಎರಡೂ ತುದಿಗೆ ಅದು ತಾಗಿದರೆ ಸೀಟಿನ ಹಿಂದೆ ಬೆಂಕಿ ಎಂದು ಮಾಲೀಕರು ಹೇಳಬೇಕಾಗಲಿಲ್ಲ. ಅವರು ಆ ನೀಲಿ ಕಾಗದವನ್ನು ಇಸಿದುಕೊಂಡು ತಿರುಗಿಸಿ ನೋಡಿ, ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಭಾವ ಉಳಿದ ಚೂರುಗಳನ್ನೆಲ್ಲ ಕೊಟ್ಟುಬಿಟ್ಟರು, ಇನ್ನು ಇದರಿಂದ ನನಗೇನು ಕೆಲಸ ಎನ್ನುವವರ ಹಾಗೆ.

ಉಳಿದದ್ದು ಒಂದೇ: ಮಾಮೂಲಿ ಬ್ಯಾಟರಿ, ಗಿಡ್ಡನೆಯದು. ಮನೆಯಲ್ಲಿ ಸಾಲಾಗಿ ಸತ್ತವುಗಳ ತಮ್ಮ. ಮಾಲೀಕರು ಸ್ಟೂಲು ಎಳೆದುಕೊಂಡು ಕೂತು, ಹಿಂದಿನವು ಹೇಗೆ ಹೋದವು ಎಂದು ಕೇಳಿದರು. ಭಾವ ಶನಿವಾರದ ಪದ್ಧತಿಯನ್ನು ವಿವರಿಸಿದರು. ಚಾರ್ಜರ್ ಹಳೆಯದು, ತಾನಾಗಿ ನಿಲ್ಲುವುದಿಲ್ಲ, ಆದರೆ ಇಡೀ ರಾತ್ರಿ ಬಿಟ್ಟರೆ ಒಳ್ಳೆಯದಲ್ಲವೇ ಎಂದರು. ಮಾಲೀಕರು ಕನ್ನಡಕ ಇಳಿಸಿದರು.

"ಮಲಗಿರೋರಿಗೆ ವಾರವಾರ ಮದುವೆ ಊಟ ಬಡಿಸಿದ್ದೀರಿ ಸರ್. ಅದಕ್ಕೇ ಹೋಗಿವೆ. ಮೊದಲು ಒಂದು ಹೇಳಿ, ಬ್ಯಾಟರಿ ಬೇಕಾಗಿರೋದು ಕಾರು ಓಡಿಸೋಕಾ, ಇಟ್ಕೊಳ್ಳೋಕಾ?"

ಓಡಿಸುವುದಾದರೆ ಇದೇ ಸಾಕು, ವಾರಕ್ಕೊಮ್ಮೆ ಒಂದು ಗಂಟೆ ಓಡಿಸಿ, ತಾನೇ ತುಂಬಿಕೊಳ್ಳುತ್ತದೆ, ಬಿಚ್ಚುವುದೂ ಬೇಡ, ಹೊರುವುದೂ ಬೇಡ. ಇಟ್ಟುಕೊಳ್ಳುವುದಾದರೆ ಯಾವುದನ್ನು ಕೊಟ್ಟರೂ ನಾಳೆ ಮತ್ತೆ ಬರುತ್ತೀರಿ ಎಂದರು. ಭಾವ ಪ್ಲಾಸ್ಟರಿನ ಅಂಚನ್ನು ಬೆರಳಿನಿಂದ ಉಜ್ಜುತ್ತಿದ್ದರು. ಸಣ್ಣ ಪುಡಿ ಉದುರುತ್ತಿತ್ತು.

"ಇಟ್ಕೊಳ್ಳೋಕೆ," ಎಂದರು.

"ಯಾಕೆ ಸರ್, ಕಾರು ಓಡಲ್ವಾ?"

"ಓಡತ್ತೆ. ಪಕ್ಕದ ಸೀಟು ಖಾಲಿ ಇದ್ರೆ ಒಂದು ಕಡೆಗೆ ವಾಲತ್ತೆ."

"ಅಷ್ಟೆಲ್ಲ ವಾಲಲ್ಲ ಸರ್ ಕಾರು."

"ನನಗೆ ವಾಲತ್ತೆ," ಎಂದರು ಭಾವ. ಯಾವ ವಿಶೇಷ ಧ್ವನಿಯೂ ಇರಲಿಲ್ಲ, ಬೆನ್ನು ನೋವಿನ ಬಗ್ಗೆ ಹೇಳುವ ಹಾಗೆಯೇ ಹೇಳಿದರು. ಆಮೇಲೆ ನನಗೆ ಅಚ್ಚನ್ನು ಎತ್ತಿಕೋ ಎಂದು ಸನ್ನೆ ಮಾಡಿದರು. ಸೋಮವಾರ ಸ್ಟುಡಿಯೋದವನಿಗೆ ಏನು ಹೇಳುತ್ತಾರೆಂದು ಅಷ್ಟರಲ್ಲಿ ನಮಗೆಲ್ಲ ಗೊತ್ತಾಗಿತ್ತು.

ಅಕ್ಕ ಅದುವರೆಗೆ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತಾ ಕೂತಿದ್ದಳು. ಟ್ರಾಫಿಕ್ಕು, ಎದುರಿನ ಲೈಟು, ಸೋರುವ ಟಾಪು ಎಲ್ಲವನ್ನೂ ಇಷ್ಟು ದಿನ ನಂಬಿದವಳು. ಈಗ ಗಂಡನನ್ನು, ಸರಿಯಾಗಿ ಲೆಕ್ಕ ಒಪ್ಪಿಸದ ದಿನಸಿ ಅಂಗಡಿಯವನನ್ನು ನೋಡುವ ಹಾಗೆ ನೋಡಿದಳು.

"ಓಡಿಸೋಕೆ ಕೊಡಿ," ಎಂದಳು ಮಾಲೀಕರಿಗೆ.

"ಏ, ಸುಮ್ನಿರೇ," ಎಂದರು ಭಾವ. "ನಿನ್ನ ಮಂಡಿ..."

"ಕೂರೋದು ನನ್ನ ಕೆಲಸ ರೀ. ಎಬ್ಬಿಸೋದು ನಿಮ್ದು ಅಂತ ಯಾರೂ ಹೇಳಿಲ್ಲ. ಅದಕ್ಕೆ ನನ್ನ ತಮ್ಮ ಇದಾನೆ. ತಿಂದಿದ್ದು ಕರಗ್ಲಿ."

ಹೀಗೆ ನನಗೆ ಈ ಕಾರಿನ ಹೆಚ್ಚುವರಿ ಚಾರ್ಜು ಸಿಕ್ಕಿತು. ಮಾಲೀಕರಿಂದ ಒಂದು ನೀಲಿ ಚೂರು ವಾಪಸ್ ಪಡೆದು ಹೊಸ ಬ್ಯಾಟರಿಯ ಮೇಲೆ ಒಮ್ಮೆ, ಖಾತ್ರಿಗೆ ಮತ್ತೊಮ್ಮೆ ಇಟ್ಟು ನೋಡಿದೆವು. ಹಳೆಯ ಎರಡು ಚುಕ್ಕೆ ಬಿಟ್ಟರೆ ಮುಚ್ಚಳ ಬೆಳ್ಳಗೇ ಉಳಿಯಿತು.

ಮರುದಿನ ಅಕ್ಕನನ್ನು ಕಾರಿನೊಳಗೆ ಇಳಿಸುವುದಕ್ಕೇ ಅಡುಗೆಗೆ ಬೇಕಾದಷ್ಟು ಹೊತ್ತು ಹಿಡಿಯಿತು. ಟಾಪು ಮಡಚಿದೆವು. ಮೊದಲು ಹಿಂತಿರುಗಿ ನಿಂತು, ಬಾಗಿಲಿನ ಅಂಚಿನ ಮೇಲೆ ಕೂತು, ನನ್ನ ಎರಡೂ ಭುಜ ಹಿಡಿದು, ಬೈಯುತ್ತಾ ಇಳಿದಳು. ಬೈಗುಳದಲ್ಲಿ ಅರ್ಧ ಕಾರಿಗೆ, ಕಾಲು ಭಾಗ ಡಾಕ್ಟರಿಗೆ, ಉಳಿದದ್ದು ನನಗೆ. ಮಂಡಿಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಒಳಗೆ ಇಟ್ಟುಕೊಂಡಳು. ಭಾವ ಸ್ಟಿಯರಿಂಗ್ ಹಿಡಿದು ನೇರ ಮುಂದೆ ನೋಡುತ್ತಾ ಕೂತಿದ್ದರು. ಬೆನ್ನಿಗೆ ದಿಂಬು. ಇಬ್ಬರ ಮುಖದಲ್ಲೂ ಮದುವೆಯ ಜೋಡಿಯ ಕಳೆ ಕಾಣಲಿಲ್ಲ; ಆಸ್ಪತ್ರೆಯ ಬೆಂಚಿನಲ್ಲಿ ಸರದಿಗೆ ಕಾಯುವವರ ಹಾಗಿದ್ದರು. ಕಾರು ಹೊರಟಿತು.

ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಾಗಿ ಬಂದರು. ನಾನು ಮೇಲಿನಿಂದ ಸದ್ದು ಕೇಳಿ, ಎಬ್ಬಿಸುವ ಕೆಲಸಕ್ಕೆ ಅಂಗಿಯ ತೋಳು ಮಡಚಿಕೊಂಡು ಕೆಳಗಿಳಿದೆ. ಇಂಜಿನ್ ನಿಂತಿತ್ತು. ಇಬ್ಬರೂ ಕೂತೇ ಇದ್ದರು. ಅಕ್ಕನ ಕೂದಲೆಲ್ಲ ಕೆದರಿತ್ತು. ಎಲ್ಲಿಗೆ ಹೋಗಿದ್ದಿರಿ ಎಂದೆ. ಎಲ್ಲೂ ಇಲ್ಲವಂತೆ, ಇಳಿಯುವ ಕಷ್ಟಕ್ಕೆ ಹೆದರಿ ಎಲ್ಲೂ ನಿಲ್ಲಿಸಿರಲಿಲ್ಲ. ಅಂಗಡಿಗಳು ತೆರೆಯುವುದನ್ನು ನೋಡಿದರಂತೆ, ಸೇತುವೆ ದಾಟಿದರಂತೆ, ತಿರುಗಿ ಅದೇ ಸೇತುವೆ ದಾಟಿದರಂತೆ. ಸುಸ್ತಾಗಿತ್ತು ಇಬ್ಬರಿಗೂ.

ನಾನು ಕೈ ಚಾಚಿದೆ. ಅಕ್ಕ ನನ್ನ ಕೈ ನೋಡಿದಳು, ತನ್ನ ಮಂಡಿ ನೋಡಿದಳು, ಮೇಲೆ ಮೂರನೇ ಮಹಡಿಯ ತನ್ನ ಅಡುಗೆಮನೆಯ ಕಿಟಕಿಯನ್ನೂ ನೋಡಿದಳು.

"ರೀ, ಇನ್ನೊಂದು ಸುತ್ತು ಹೋಗಿಬಿಡೋಣ," ಎಂದಳು. "ಏಳೋದಕ್ಕಿಂತ ಅದೇ ಸುಲಭ."

ಭಾವ ಕೀಲಿಕೈ ತಿರುಗಿಸಿದರು.