ಟೋಪಿ ಅಂಗಡಿಯ ಲೋರ್ನಾ

ಆಸ್ಟ್ರೇಲಿಯಾದ ಒಳನಾಡಿನ ನಮ್ಮೂರು ಬರಿಂಡಾದ ಪದವೀಧರ ಮಹಿಳೆಯರ ಸಂಘಕ್ಕೆ ಇವತ್ತು ದೊಡ್ಡ ಹೆಸರಿದೆ. ಘಟಿಕೋತ್ಸವದ ದಿನ ಹುಡುಗ ಹುಡುಗಿಯರು ತೊಟ್ಟು ಮೆರೆಯುವ ಕಪ್ಪು ಗೌನುಗಳನ್ನು ಬಾಡಿಗೆಗೆ ಕೊಡುವವರು ನಾವೇ, ಆ ಬಾಡಿಗೆಯಲ್ಲಿ ನಾಲ್ಕಾರು ಹೆಣ್ಣುಮಕ್ಕಳನ್ನು ಓದಿಸುವವರೂ ನಾವೇ. ವಾರ್ಷಿಕೋತ್ಸವದಲ್ಲಿ ಮೈಕಿನ ಮುಂದೆ ನಿಂತವರೆಲ್ಲ ಸಂಘವನ್ನು ಕಟ್ಟಿದವರು ಹೆಡ್‌ಮಿಸ್ಟ್ರೆಸ್ ಮಿಸ್ ಪ್ಯಾಸ್ಕೋ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಮೊದಲ ಕಾರ್ಯದರ್ಶಿಯಾಗಿದ್ದ ನನ್ನನ್ನು ಕೇಳಿದರೆ, ಸಂಘ ಉಳಿದದ್ದು ಟೋಪಿಯ ವಿಷಯದಲ್ಲಿ ಏನೇನೂ ತಿಳಿಯದ ಲೋರ್ನಾ ಹಾಸ್ಕಿನ್‌ಳಿಂದ. ಭಾಷಣದಲ್ಲಿ ಅವಳ ಹೆಸರು ಬರುವ ಹೊತ್ತಿಗೆ ಜನರ ಕಣ್ಣು ಕೇಕಿನ ಮೇಲೆ ಹೋಗಿರುತ್ತದೆ. ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಲೋರ್ನಾ ಸಿಡ್ನಿಯ ರೈಲ್ವೆ ಗಾರ್ಡ್ ಒಬ್ಬರ ಮಗಳು. ವಿದ್ಯಾರ್ಥಿವೇತನದಲ್ಲಿ ಓದಿ, ಎರಡನೇ ಮಹಾಯುದ್ಧದ ಕಾಲದಲ್ಲಿ ರಸಾಯನಶಾಸ್ತ್ರದ ಪದವಿ ಪಡೆದು, ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಪ್ರಯೋಗಾಲಯ ಸೇರಿದಳು. ಕೆಲಸವೆಂದರೆ ಅವಳಿಗೆ ಪ್ರಾಣ. ಆಗಲೇ ಸಿಡ್ನಿಯ ಈಸ್ಟರ್ ಜಾನುವಾರು ಪ್ರದರ್ಶನಕ್ಕೆ ಟಗರುಗಳನ್ನು ಹೊಡೆದುಕೊಂಡು ಬರಿಂಡಾದಿಂದ ಕ್ಲೆಮ್ ಹಾಸ್ಕಿನ್ ಬಂದ. ಸಂಜೆಯ ಕುಣಿತದಲ್ಲಿ ಅವಳ ಕಾಲು ತುಳಿದ. ಕ್ಷಮೆ ಕೇಳಿದ. ಮತ್ತೆ ತುಳಿದ. ವರ್ಷ ತಿರುಗುವಷ್ಟರಲ್ಲಿ ಮದುವೆಯಾಯಿತು. ಮದುವೆಯಾದ ಹೆಣ್ಣನ್ನು ಯಾವ ಕಾರ್ಖಾನೆಯೂ ಇಟ್ಟುಕೊಳ್ಳದ ಕಾಲವದು. ಒಂದು ಟೀ ಸೆಟ್ ಕೈಗಿಟ್ಟು ಕಳಿಸಿಕೊಟ್ಟರು.

ಹೊಸ ಸೊಸೆ ಬಂದ ದಿನ ಅತ್ತೆ ಮೇಬಲ್ ಕುರಿ ಮಾಂಸ ಹುರಿದು ಪಕ್ಕದ ಜಮೀನಿನ ಡಾಟ್‌ಳನ್ನೂ ಊಟಕ್ಕೆ ಕರೆದಿದ್ದರು. ಮೇಬಲ್ ವಿಧವೆ, ಹಳ್ಳಿ ಹೆಂಗಸರ ಸಂಘದ ಅಧ್ಯಕ್ಷೆ. ಅವರು ಹೂಂ ಎನ್ನದೆ ಬರಿಂಡಾದಲ್ಲಿ ಒಂದು ಕೆಟಲ್ ಕೂಡ ಕುದಿಯುತ್ತಿರಲಿಲ್ಲ. ಊಟದ ನಡುವೆ ನಗಿಸಲೆಂದು ಅವರೊಂದು ಕಥೆ ತೆಗೆದರು. ಹಿಂದೆ ಊರಲ್ಲಿದ್ದ ಬ್ಯಾಂಕ್ ಮ್ಯಾನೇಜರನ ಹೆಂಡತಿ ಬಿ.ಎ. ಓದಿದವಳಂತೆ. ಟೀಗೆ ಕೂತರೆ ಎಲ್ಲರ ಮಾತಿನಲ್ಲೂ ತಪ್ಪು ಹುಡುಕುತ್ತಿದ್ದಳಂತೆ. ಕಡೆಗೆ ಅವಳ ಪಕ್ಕದ ಕುರ್ಚಿಯಲ್ಲಿ ಪಾದ್ರಿಗಳೂ ಕೂರುವುದನ್ನು ಬಿಟ್ಟರಂತೆ.

ಡಾಟ್ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ ಸೊಸೆಯ ಕಡೆ ತಿರುಗಿ, "ನೀನ್ ಏನ್ ಮಾಡ್ಕೊಂಡಿದ್ದೆ ಸಿಡ್ನೀಲಿ?" ಎಂದು ಕೇಳಿದಳು.

ಬಾಗಿಲ ಹಿಂದಿನ ಗೂಟದಲ್ಲಿ ಅತ್ತೆಯ ಟೋಪಿ ತೂಗುತ್ತಿತ್ತು. ಲೋರ್ನಾಳಿಗೆ ಹೊಳೆದದ್ದು ಅದೊಂದೇ. "ಟೋಪಿ ಅಂಗಡೀಲಿದ್ದೆ" ಎಂದುಬಿಟ್ಟಳು.

ಕ್ಲೆಮ್ ಆಲೂಗಡ್ಡೆ ಕತ್ತರಿಸುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ, ಮತ್ತೆ ಕತ್ತರಿಸಿದ. ಕುರಿಯ ವಿಷಯ ಬಿಟ್ಟು ಬೇರೆಯದಕ್ಕೆ ಬಾಯಿ ತೆರೆಯುವ ಪೈಕಿ ಅಲ್ಲ ಅವನು.

ಮುಂದಿನ ವಾರವೇ ಡಾಟ್ ಬಂದಳು. ಮೈದುನನ ಮದುವೆಗೆ ಯಾವ ಟೋಪಿ ಹಾಕಲಿ ಎಂದು ಕೇಳಿದಳು. ಲೋರ್ನಾ ಬೆವರಿದಳು, ಆದರೆ ಪ್ರಯೋಗಾಲಯದಲ್ಲಿ ಫಲಿತಾಂಶ ಹೇಳುವ ಗತ್ತಿನಲ್ಲೇ ಹಸಿರು ಟೋಪಿಯನ್ನು ತೋರಿಸಿ, ಅದಕ್ಕೆ ದ್ರಾಕ್ಷಿಗೊಂಚಲು ಹೊಲಿ ಎಂದಳು. ಡಾಟ್ ಹೊಲಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ನಾನು ಇಂಗ್ಲಿಷ್ ಟೀಚರಾಗಿ ಈ ಊರಿಗೆ ಬಂದ ಮೊದಲ ಭಾನುವಾರ ಚರ್ಚಿನಲ್ಲಿ ಕಂಡ ಟೋಪಿಗಳನ್ನು ಜನ್ಮದಲ್ಲಿ ಮರೆಯಲಾರೆ. ದ್ರಾಕ್ಷಿಯಿತ್ತು, ಗೋಧಿ ತೆನೆಯಿತ್ತು, ಒಂದರ ಮೇಲೆ ಇಡೀ ಗಿಣಿಯೇ ಕೂತಿತ್ತು. ಇಡೀ ಊರಿಗೆ ಟೋಪಿ ಹಾಕಿದವಳು ಎಂದು ಆಮೇಲೆ ನಾವು ಅವಳನ್ನು ಕಾಡಿಸಿದ್ದಕ್ಕೆ ಲೆಕ್ಕವಿಲ್ಲ.

ಎಲ್ಲಕ್ಕಿಂತ ಘೋರವಾದದ್ದು ಮೇಬಲ್ ಅವರದು. ಸೊಸೆ ಮೊದಲ ವರ್ಷವೇ ಅವರ ಬಿಳಿ ಉಣ್ಣೆ ಟೋಪಿಗೆ ತನ್ನ ಕೈಯಾರೆ ನೇರಳೆ ಬಣ್ಣ ಹಾಕಿಕೊಟ್ಟಿದ್ದಳು. ಕಣ್ಣಿಗೆ ಹೊಡೆಯುವ ನೇರಳೆ. ನಮ್ಮೂರಿನ ಬಿಸಿಲಿಗೆ ಪೋಸ್ಟ್ ಆಫೀಸಿನ ಕೆಂಪು ಬಣ್ಣವೇ ಎರಡು ಬೇಸಿಗೆ ತಾಳುವುದಿಲ್ಲ. ಆ ಟೋಪಿ ಮಾತ್ರ ಹನ್ನೊಂದು ವರ್ಷವಾದರೂ ಒಂದಿಷ್ಟೂ ಮಾಸಿರಲಿಲ್ಲ. ಅಂಗಡಿಯ ಹುಡುಗಿಗೆ ಇಂಥ ಬಣ್ಣ ಹಾಕಲು ಎಲ್ಲಿಂದ ಬಂತು ಎಂದು ಒಬ್ಬರಾದರೂ ಯೋಚಿಸಬೇಕಿತ್ತು. ಮೇಬಲ್ ಅದನ್ನು ತೊಟ್ಟೇ ಪ್ರತಿ ಭಾನುವಾರ ಚರ್ಚಿಗೆ ಬರುತ್ತಿದ್ದರು.

ಐವತ್ತೊಂಬತ್ತನೇ ಇಸವಿಯಲ್ಲಿ ಮಿಸ್ ಪ್ಯಾಸ್ಕೋಗೆ ಸಂಘದ ಹುಚ್ಚು ಹಿಡಿಯಿತು. ಹತ್ತು ಜನ ಪದವೀಧರ ಹೆಂಗಸರಿದ್ದರೆ ಮಾತ್ರ ಶಾಖೆಗೆ ಮಾನ್ಯತೆ ಎಂದು ಸಿಡ್ನಿಯ ಕೇಂದ್ರ ಸಂಘದವರು ಹೇಳಿದ್ದರು. ಟೀಚರುಗಳು, ಡಾಕ್ಟರ ಹೆಂಡತಿ, ಔಷಧಿ ಅಂಗಡಿಯಾಕೆ ಎಲ್ಲರನ್ನೂ ಹಿಡಿದು ಜಗ್ಗಿದರೂ ಆದದ್ದು ಒಂಬತ್ತೇ. ಅವರಿಗೆ ಇನ್ನೂ ಒಂದು ತಲೆನೋವಿತ್ತು. ನಮ್ಮ ಶಾಲೆಯ ಹುಡುಗಿಯರಿಗೆ ಅಡುಗೆ, ಹೊಲಿಗೆ, ಟೈಪಿಂಗ್ ಇತ್ತು, ರಸಾಯನಶಾಸ್ತ್ರ ಇರಲಿಲ್ಲ. ಟೀಚರನ್ನು ನೀವೇ ಹುಡುಕಿಕೊಳ್ಳಿ, ಪಾಠಕ್ಕೆ ಒಪ್ಪಿಗೆ ಕೊಡುತ್ತೇವೆ ಎಂದು ಇಲಾಖೆಯವರು ಕೈತೊಳೆದುಕೊಂಡಿದ್ದರು.

ಹೀಗಿರುವಾಗ ಮಕ್ಕಳ ವೇಷದ ಸ್ಪರ್ಧೆ ಬಂತು. ತೀರ್ಪುಗಾರ್ತಿ ಮಿಸ್ ಪ್ಯಾಸ್ಕೋ. ಕಡಲ್ಗಳ್ಳರು, ಮೊಲಗಳು ಎಲ್ಲ ಹೋದ ಮೇಲೆ ಲೋರ್ನಾಳ ಮಗಳು ರಾಸ್ಲಿನ್ ಪೊರಕೆ ಹಿಡಿದು ಮಾಟಗಾತಿಯಾಗಿ ಬಂದಳು. ಮಿಸ್ ಪ್ಯಾಸ್ಕೋ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದರು.

"ನ್ಯಾನ್ಸ್, ಆ ಹುಡುಗಿ ಹೆಗಲ ಮೇಲೆ ಏನಿದೆ ನೋಡು."

"ಏನೋ ಹಳದಿ ಬಟ್ಟೆ."

"ಬಟ್ಟೆ ಅಂತೆ ಬಟ್ಟೆ! ವಿಜ್ಞಾನದ ಪದವಿ ತಗೊಂಡೋರು ಹಾಕೋ ರೇಷ್ಮೆ ಕಣೇ ಅದು. ಮೈಮೇಲಿರೋದು ಗೌನು." ಹುಡುಗಿಯನ್ನು ಹತ್ತಿರ ಕರೆದು, "ಯಾರದಮ್ಮ ಈ ಬಟ್ಟೆ?" ಎಂದು ಕೇಳಿದರು.

"ಅಮ್ಮಂದು. ಮಂಚದ ಕೆಳಗಿನ ಪೆಟ್ಟಿಗೇಲಿತ್ತು. ಮೂಸಿ ನೋಡಿ ಮಿಸ್, ನುಸಿಗುಳಿಗೆ ವಾಸನೆ."

"ಹಳೇ ಬಟ್ಟೆ ಮಾರಾಟದಲ್ಲಿ ತಗೊಂಡಿದ್ದು!" ಎಂದು ಕೇಕಿನ ಮೇಜಿನ ಹಿಂದಿನಿಂದ ಲೋರ್ನಾ ಕೂಗಿದಳು. ಅವಳ ಮುಖ ಟೊಮೇಟೊ ಹಣ್ಣಾಗಿತ್ತು. ಮಿಸ್ ಪ್ಯಾಸ್ಕೋ ಮಾಟಗಾತಿಗೆ ಮೊದಲ ಬಹುಮಾನ ಕೊಟ್ಟರು.

ಮರುದಿನ ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಹಾಸ್ಕಿನ್ ಜಮೀನಿಗೆ ಹೋದೆವು. ಲೋರ್ನಾ ಒಗೆಯುವ ಕೋಣೆಯಲ್ಲಿ ಯಾರದೋ ಟೋಪಿಗೆ ಬಣ್ಣ ಹಾಕುತ್ತಿದ್ದಳು. ಮುಂಗೈವರೆಗೆ ಹಸಿರು.

"ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ ಮಿಸೆಸ್ ಹಾಸ್ಕಿನ್. ಯಾವ ವಿಷಯ ಓದಿದ್ದು?" ಎಂದರು ಮಿಸ್ ಪ್ಯಾಸ್ಕೋ.

ಲೋರ್ನಾ ಬಾಗಿಲ ಕಡೆ ನೋಡಿದಳು. "ರಸಾಯನ. ಮೆಲ್ಲಗೆ ಮಾತಾಡಿ, ನಮ್ಮತ್ತೆ ಹೊರಗಡೆ ಬೀನ್ಸ್ ಕುಯ್ತಿದಾರೆ."

ಫುಟ್‌ಬಾಲ್ ಪಂದ್ಯವನ್ನೇ ನಿಲ್ಲಿಸುವ ಗಂಟಲು ಮಿಸ್ ಪ್ಯಾಸ್ಕೋ ಅವರದು. ಆದಷ್ಟು ತಗ್ಗಿಸಿ, ಹತ್ತನೆಯ ಸದಸ್ಯೆಯ ವಿಷಯ, ಪಾಠದ ವಿಷಯ ಎಲ್ಲ ಹೇಳಿದರು.

"ಆಗಲ್ಲ" ಎಂದಳು ಲೋರ್ನಾ. "ಈ ಊರಿನ ಒಂದೊಂದು ತಲೆ ಮೇಲೂ ನನ್ನ ಸುಳ್ಳು ಕೂತಿದೆ ಮಿಸ್ ಪ್ಯಾಸ್ಕೋ. ನಾನು ಯಾವ ಟೋಪಿ ಅಂಗಡಿ ಹೊಸ್ತಿಲೂ ತುಳಿದೋಳಲ್ಲ ಅಂತ ಗೊತ್ತಾದ್ರೆ ಡಾಟ್ ಏನಂತಾಳೆ? ಅದೂ ಹೋಗ್ಲಿ. ನಮ್ಮತ್ತೆ ಆ ನೇರಳೇದನ್ನ ಹಾಕ್ಕೊಂಡು ಬಿಷಪ್ಪರ ಕೈ ಕುಲುಕಿದಾರೆ! ಅವರ ಮುಖ ಹೇಗೆ ನೋಡ್ಲಿ ನಾನು?"

"ರಾಸ್ಲಿನ್ ಮುಂದಿನ ವರ್ಷ ನಮ್ಮ ಸ್ಕೂಲಿಗೆ ಬರ್ತಾಳೆ. ಅವಳಿಗೇನು ಕಲಿಸ್ಲಿ? ಟೀಗೆ ಸ್ಕೋನ್ ಬನ್ನು ಮಾಡೋದಾ?"

"ಅದನ್ನ ಅವಳಜ್ಜಿನೇ ಕಲಿಸಿದಾರೆ" ಎಂದು ಲೋರ್ನಾ ಮುಖ ತಿರುಗಿಸಿದಳು.

ನಾವು ಕಾರು ಹತ್ತಿದ ಮೇಲೆ ಓಡಿಬಂದು ಕಿಟಕಿ ತಟ್ಟಿದಳು. "ಸ್ಕೂಲಲ್ಲಿ ರಸಾಯನ ತೂಗೋ ತಕ್ಕಡಿ ಇದೆಯಾ? ಗಾಜಿನ ಪೆಟ್ಟಿಗೇಲಿರೋ ಅಂಥದ್ದು?"

"ಇದೆ. ಮುಟ್ಟೋರಿಲ್ಲ."

ಅವಳು ತಲೆಯಾಡಿಸಿ ಒಳಗೆ ಹೋದಳು.

ಸಂಘದ ಮೊದಲ ಸಭೆ ಶನಿವಾರ ಮಧ್ಯಾಹ್ನ, ಊರ ಸಭಾಂಗಣದಲ್ಲಿ. ಚಹಾ ಸ್ಯಾಂಡ್‌ವಿಚ್‌ಗಳ ಹೊಣೆ ಹಳ್ಳಿ ಹೆಂಗಸರದು, ಅಂದಮೇಲೆ ಮೇಬಲ್ ನೇರಳೆ ಟೋಪಿಯಲ್ಲಿ ಹಾಜರು, ಅವರ ಹಿಂದೆ ಏಪ್ರನ್ ಕಟ್ಟಿದ ಲೋರ್ನಾ. ಸಿಡ್ನಿಯಿಂದ ಬಂದಿದ್ದ ಹೆಂಗಸು ಒಬ್ಬೊಬ್ಬರೂ ಎದ್ದು ಹೆಸರು, ಪದವಿ ಹೇಳಬೇಕೆಂದಳು. ಒಂಬತ್ತು ಜನ ಎದ್ದೆವು, ಕೂತೆವು.

"ಇನ್ನೂ ಯಾರಾದ್ರೂ ಇದ್ದೀರಾ?" ಎಂದು ಆಕೆ ಕೇಳಿದಳು. ಮಿಸ್ ಪ್ಯಾಸ್ಕೋ ಚಾವಣಿ ನೋಡುತ್ತಿದ್ದರು. ಹಟಕ್ಕೆ ಬಿದ್ದು ಲೋರ್ನಾಳ ಕಡೆ ಮಾತ್ರ ನೋಡಲಿಲ್ಲ. "ಇಲ್ಲ ಅಂದ್ರೆ, ಬೇಜಾರು ಮಾಡ್ಕೋಬೇಡಿ, ಶಾಖೆ ಆಗೋದಿಲ್ಲ."

"ಲೋರ್ನಾ ಹಾಸ್ಕಿನ್" ಎಂಬ ದನಿ ಹಿಂದಿನಿಂದ ಬಂತು. ಟೀ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದೇ ನಿಂತಿದ್ದಳು. "ಸಿಡ್ನಿ ವಿಶ್ವವಿದ್ಯಾಲಯ. ವಿಜ್ಞಾನ ಪದವಿ. ರಸಾಯನಶಾಸ್ತ್ರ."

ಸ್ಯಾಂಡ್‌ವಿಚ್ ತಟ್ಟೆ ಹಿಡಿದಿದ್ದ ಡಾಟ್ ಬಾಯಿ ತೆರೆದಳು. "ಹಾಗಾದ್ರೆ ನಮ್ಮ ಟೋಪಿಗಳು?"

"ಟೋಪಿ ಅಂಗಡೀಲಿ ನಾನು ಯಾವತ್ತೂ ಇರಲಿಲ್ಲ ಡಾಟ್. ಟೋಪಿ ಬಗ್ಗೆ ನಂಗೆ ಏನೂ ಗೊತ್ತಿಲ್ಲ."

ಇಡೀ ಸಭೆ ತಿರುಗಿ ಮೇಬಲ್ ಅವರ ತಲೆಯನ್ನು ನೋಡಿತು. ಅವರು ಸೊಸೆಯ ಕೈಯಿಂದ ಟೀ ಪಾತ್ರೆ ತೆಗೆದುಕೊಂಡರು. "ಚಹಾ ತಣ್ಣಗಾಗ್ತಿದೆ" ಎಂದರು. ಎಲ್ಲರಿಗೂ ಬಗ್ಗಿಸಿದರು. ಪಾತ್ರೆ ಖಾಲಿಯಾದ ಮೇಲೆ ಯಾರ ಜೊತೆಗೂ ಮಾತಾಡದೆ ಮನೆಗೆ ಹೊರಟುಹೋದರು.

ಸಂಘವೇನೋ ಹುಟ್ಟಿತು. ಸೋಮವಾರದಿಂದಲೇ ಪಾಠಕ್ಕೆ ಬನ್ನಿ ಎಂದು ಮಿಸ್ ಪ್ಯಾಸ್ಕೋ ಚಹಾ ಕುಡಿಯುತ್ತಲೇ ಲೋರ್ನಾಳಿಗೆ ಹೇಳಿಯೂ ಬಿಟ್ಟಿದ್ದರು. ಮುಂದೆ ಲೋರ್ನಾ ಇಪ್ಪತ್ತು ವರ್ಷ ನಮ್ಮ ಶಾಲೆಯಲ್ಲಿ ಪಾಠ ಮಾಡಿದಳು, ಸಂಘದ ಅಧ್ಯಕ್ಷೆಯಾದಳು, ಅವಳ ಕೈಯಲ್ಲಿ ಕಲಿತ ಹುಡುಗಿಯರು ಡಾಕ್ಟರುಗಳಾದರು. ಅದೆಲ್ಲ ಭಾಷಣಗಳಲ್ಲಿ ಬರುತ್ತದೆ. ಬಾರದೆ ಇರುವುದು ಆ ಶನಿವಾರದ ಮಾರನೆಯ ದಿನ. ಅವತ್ತು ಲೋರ್ನಾಳಿಗೆ ಶಾಲೆಯೂ ಬೇಕಿರಲಿಲ್ಲ, ಸಂಘವೂ ಬೇಕಿರಲಿಲ್ಲ. ಅತ್ತೆ ರಾತ್ರಿ ಊಟಕ್ಕೆ ಬಂದಿರಲಿಲ್ಲ. ಕ್ಲೆಮ್ ಹೋಗಿ ಕರೆದರೆ ಬಾಗಿಲ ಹಿಂದಿನಿಂದಲೇ ತಲೆನೋವು ಎಂದಿದ್ದರಂತೆ.

ಭಾನುವಾರ ಚರ್ಚಿನಲ್ಲಿ ಒಂದು ದ್ರಾಕ್ಷಿ ಇಲ್ಲ, ಒಂದು ಗಿಣಿ ಇಲ್ಲ. ಹೆಂಗಸರೆಲ್ಲ ಹಳೆಯ ಸಾದಾ ಟೋಪಿಗಳನ್ನು ಹುಡುಕಿ ತೆಗೆದು ಹಾಕಿಕೊಂಡು ಬಂದಿದ್ದರು. ಲೋರ್ನಾ ಒಂದು ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಪಕ್ಕದ ಜಾಗ ಖಾಲಿ ಇತ್ತು. ಪ್ರಾರ್ಥನೆ ಶುರುವಾಗುವ ಹೊತ್ತಿಗೆ ಮೇಬಲ್ ಬಂದರು, ನೇರಳೆ ಟೋಪಿ ತೊಟ್ಟು. ನಡುವಿನ ದಾರಿಯಲ್ಲಿ ಎಲ್ಲರೂ ಕಣ್ತುಂಬ ನೋಡುವಷ್ಟು ನಿಧಾನವಾಗಿ ನಡೆದು ಬಂದು ಸೊಸೆಯ ಪಕ್ಕದಲ್ಲಿ ಕೂತರು.

ಹೊರಗೆ ಬಂದ ಮೇಲೆ ಲೋರ್ನಾ ತಡೆಯಲಾರದೆ ಕೇಳಿದಳು. "ಅತ್ತೆ, ಇನ್ನೂ ಯಾಕೆ ಅದನ್ನ ಹಾಕ್ಕೊಂಡ್ರಿ? ಅದು ನಿಮಗೊಪ್ಪಲ್ಲ ಅಂತ ಈಗ ಗೊತ್ತಾಯ್ತಲ್ಲ."

"ಈಗ ಗೊತ್ತಾಯ್ತಂತೆ! ನಮ್ಮನೇಲಿ ಕನ್ನಡಿ ಇಲ್ವೇನೇ? ಅದರ ಬಣ್ಣ ಆರೋಕ್ಕಿಂತ ಮುಂಚೆನೇ ಗೊತ್ತಿತ್ತು. ಬಂದ ಹೊಸದರಲ್ಲಿ ನೀನು ಯಾರ ಹತ್ರಾನೂ ಬಾಯಿ ಬಿಡ್ತಿರ್ಲಿಲ್ಲ. ಹೋಗಿ ಹುಡುಗೀನ ಟೋಪಿ ಗೀಪಿ ಅಂತ ಏನಾದ್ರೂ ಕೇಳ್ರೇ, ಪಾಪ, ಅಂತ ಇವರಿಗೆಲ್ಲ ಹೇಳಿ ಕಳಿಸಿದೋಳೇ ನಾನು."

ಲೋರ್ನಾ ಪಕ್ಕದಲ್ಲೇ ನಿಂತಿದ್ದ ಡಾಟ್‌ಳ ಮುಖ ನೋಡಿದಳು. "ನಿಂಗೂ ಗೊತ್ತಿತ್ತಾ?"

"ಗಿಣಿ ಕೂರಿಸಿದಾಗ್ಲೂ ಗೊತ್ತಾಗದೆ ಇರುತ್ತಾ?" ಎಂದಳು ಡಾಟ್.

"ಆ ಅಂಗಡಿಯೋರು ನಿನ್ನ ಕೆಲಸದಿಂದ ಕಿತ್ತುಹಾಕಿರ್ಬೇಕು ಅಂದ್ಕೊಂಡಿದ್ದೆ" ಎಂದರು ಮೇಬಲ್.

"ಮತ್ತೆ ನಿನ್ನೆ ಯಾಕೆ ಮಾತಾಡದೆ ಹೋದ್ರಿ?"

"ಸಿಟ್ಟು ಬಂತು. ಟೋಪಿಗಲ್ಲ. ಬ್ಯಾಂಕಿನೋಳ ಕಥೆ ನಗ್ಲಿ ಅಂತ ಹೇಳಿದ್ದು ಕಣೇ. ಅದಕ್ಕೆ ಹೆದರ್ಕೊಂಡು ಹನ್ನೊಂದು ವರ್ಷ ನನ್ನ ಅಡುಗೆಮನೇಲೇ ಬಾಯಿ ಮುಚ್ಕೊಂಡು ಕೂತಿದ್ಯಲ್ಲ. ನಾನೇನು ನಿನ್ನ ತಿಂದುಬಿಡ್ತಿದ್ನಾ?" ಮೇಬಲ್ ಟೋಪಿಯನ್ನು ನೆಟ್ಟಗೆ ಮಾಡಿಕೊಂಡರು. "ರಾತ್ರಿಯೆಲ್ಲ ಯೋಚನೆ ಮಾಡ್ದೆ. ಇವತ್ತು ಇದನ್ನ ಬಿಟ್ಟು ಬಂದ್ರೆ, ಸೊಸೆ ಓದಿದೋಳು ಅಂತ ತಿಳಿದ ಮಾರನೇ ದಿನಾನೇ ಅತ್ತೆ ಅವಳ ಕೈ ಬಿಟ್ಲು ಅಂತ ಊರು ತಿಳ್ಕೊಳ್ಳುತ್ತೆ. ಹಾಗೆ ಯಾರೂ ತಿಳ್ಕೋಬಾರದು."

ಲೋರ್ನಾ ಚರ್ಚಿನ ಮೆಟ್ಟಿಲ ಮೇಲೆ, ಎಲ್ಲರ ಎದುರಿಗೆ ಅತ್ತೆಯ ಹೆಗಲಿಗೆ ಮುಖವೊತ್ತಿ ಜೋರಾಗಿ ಅತ್ತಳು. ನನಗೂ ಅಳು ಬಂತು. ಮಿಸ್ ಪ್ಯಾಸ್ಕೋ ಮೂಗು ಒರೆಸಿಕೊಂಡ ಸದ್ದು ರಸ್ತೆಯಾಚೆಗೂ ಕೇಳಿರಬೇಕು.

"ಸಾಕು ಬಿಡು, ನನ್ನ ಕೋಟು ಒದ್ದೆ ಆಗುತ್ತೆ" ಎಂದು ಮೇಬಲ್ ಅವಳ ಬೆನ್ನು ಸವರಿದರು. "ನಾಳೆ ಸ್ಕೂಲಿಗೆ ಹೋಗ್ಬೇಕಲ್ಲ ನೀನು. ಟೋಪಿ ಮಾತ್ರ ನಾನು ಆರಿಸ್ತೀನಿ."