ಡಿಕ್ಕಿಯ ಮೇಲಿದ್ದ ಮುಚ್ಚಳ

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥ ಮಾತು ಯಾರಾದರೂ ತೆಗೆದರೆ ನಾನು ಎದ್ದು ಒಳಗೆ ಹೋಗುವವಳು. ಹುಡುಗಿಯಾಗಿದ್ದಾಗಿನಿಂದಲೂ ಅಷ್ಟೇ. ನಮ್ಮ ಚಿಕ್ಕಮ್ಮ ಹುಣಸೇಮರದ ದೆವ್ವದ ಕಥೆ ಹೇಳಲು ಕೂತರೆ, "ಅದಕ್ಕೆ ಬೇರೆ ಕೆಲಸ ಇಲ್ವಾ?" ಎಂದು ಕೇಳಿ ಬೈಸಿಕೊಳ್ಳುತ್ತಿದ್ದೆ. ಹಾಗಾಗಿ ಈಗ ಹೇಳಹೊರಟಿರುವುದನ್ನು ನಂಬಿ ಎಂದು ನಿಮ್ಮನ್ನು ಕೇಳುವ ಮುಖ ನನಗಿಲ್ಲ. ನಡೆದದ್ದು ಹಾಡಹಗಲಿನಲ್ಲಿ, ಕಣ್ಣೆದುರಿಗೆ. ಅಷ್ಟು ಮಾತ್ರ ಹೇಳಬಲ್ಲೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಯಜಮಾನರು ವೆಂಕಟೇಶಪ್ಪ ಕೋಲಾರದ ಒಂದು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಫ್ಯಾನ್‌ಬೆಲ್ಟಿಗೆ ಬಲಗೈ ಸಿಕ್ಕಿ ಎರಡು ಬೆರಳು ಹೋದವು. ಗಾಯ ಮಾಯುವ ಮೊದಲೇ ಕೆಲಸವೂ ಹೋಯಿತು. ಶ್ರೀನಿವಾಸಪುರಕ್ಕೆ ಬಂದು ಸ್ವಂತ ಶೆಡ್ಡು ಹಾಕಿದರೆ ಒಂದು ಸ್ಕೂಟರು ಕೊಡುವುದಕ್ಕೂ ಜನ ಹಿಂದೆಮುಂದೆ ನೋಡುತ್ತಿದ್ದರು. ಕೈ ನೋಡುವುದು, ಮುಖ ನೋಡುವುದು, "ನಾಳೆ ಬರ್ತೀವಿ" ಎಂದು ಹೊರಟುಬಿಡುವುದು. ಆ ಜನರ ಮೇಲೆ ಬಂದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಅಂಥ ಹೊತ್ತಿನಲ್ಲಿ ಯಲ್ದೂರಿನ ಕಡೆಯ ಮಾವಿನ ತೋಟದ ಬೈರೆಡ್ಡಿಯವರು ಹೇಳಿಕಳಿಸಿದರು. ಚಿನ್ನದ ಗಣಿಯಲ್ಲಿದ್ದ ದೊರೆಯೊಬ್ಬರು ಊರು ಬಿಡುವಾಗ ರೆಡ್ಡಿಯವರ ತಂದೆಗೆ ಕೊಟ್ಟುಹೋದ ಅಮೆರಿಕದ ಕಾರೊಂದು ಮಾವಿನಕಾಯಿ ಶೆಡ್ಡಿನಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಎರಡೇ ಬಾಗಿಲು, ಎಂಟು ಸಿಲಿಂಡರಿನ ಇಂಜಿನ್ನು, ಎಡಗಡೆ ಸ್ಟೀರಿಂಗು. ಬಾನೆಟ್ಟೇ ನಮ್ಮ ಅಡುಗೆಮನೆಯಷ್ಟು ಉದ್ದ! ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು. ಕೋಲಾರದವರು, ಮಾಲೂರಿನವರು ಎಲ್ಲರೂ ನೋಡಿ ಕೈಚೆಲ್ಲಿದ್ದರು.

"ಇದನ್ನ ಓಡ್ಸು. ಮನೆಮಂದಿ ಎಲ್ಲಾ ಕೂತು ಮುಳಬಾಗಿಲಿಗೆ ಹೋಗಿ ಬರೋ ಹಂಗಾದ್ರೆ ನಮ್ ಟ್ರ್ಯಾಕ್ಟರು, ಪಂಪ್‌ಸೆಟ್ಟು ಎಲ್ಲಾ ನಿನ್ ಕೈಗೇ ಕೊಡ್ತೀನಿ. ಇಲ್ಲಾಂದ್ರೆ ಗುಜರಿಗೆ ಹಾಕ್ತೀನಿ," ಎಂದರು ರೆಡ್ಡಿಯವರು.

ಮನೆಗೆ ಬಂದು ಇವರು ನನಗೆ ಹೇಳಿದ್ದು ಬೇರೆ. "ಇದೂ ಆಗ್ಲಿಲ್ಲಾಂದ್ರೆ ನಾನು ಸ್ಪಾನರ್ ಮುಟ್ಟಲ್ಲ ಕಣೇ. ಮಾಲೂರ್ ಕಡೆ ಇಟ್ಟಿಗೆ ಗೂಡಿಗೆ ಹೋಗ್ತೀನಿ." ತಮಾಷೆಗೆ ಹೇಳುವ ಜನ ಅಲ್ಲ ಅವರು.

ಆ ಕೆಲಸ ನೋಡಬೇಕಿತ್ತು ನೀವು. ಸ್ಪಾನರನ್ನು ನನ್ನ ಹಳೇ ಸೀರೆಯ ಪಟ್ಟಿಯಿಂದ ಮಣಿಕಟ್ಟಿಗೆ ಕಟ್ಟಿಕೊಂಡು ಬೋಲ್ಟು ತಿರುಗಿಸುತ್ತಿದ್ದರು. ವಾಲ್ವುಗಳನ್ನು ಅಂಗೈಯಲ್ಲೇ ಉಜ್ಜಿ ಉಜ್ಜಿ ಕೂರಿಸಿದರು. ಸಿಕ್ಕದ ಸಾಮಾನನ್ನು ಲಾರಿಯ ಸಾಮಾನು ಅರದಿಂದ ತೇದು ಮಾಡಿಕೊಂಡರು. ವರ್ಷವೇ ಕಳೆಯಿತು. ಇಂಜಿನ್ನು ಮೊದಲ ಸಲ ಹತ್ತಿಕೊಂಡ ದಿನ ನಾನು ಬರಿಗಾಲಲ್ಲಿ ನಿಂತಿದ್ದೆ, ಅದರ ಸದ್ದು ಅಂಗಾಲಿನಿಂದ ಮೇಲಕ್ಕೆ ಬಂತು. ಅಬ್ಬಾ, ಎಂಥಾ ಸದ್ದು! ನನ್ನ ಗಂಡನ ಬಗ್ಗೆ ನನಗೆ ಅಷ್ಟು ಹೆಮ್ಮೆ ಅದಕ್ಕಿಂತ ಮುಂಚೆ ಆಗಿರಲಿಲ್ಲ.

ಆದರೆ ಒಂದು ಕಾಯಿಲೆ ಉಳಿದುಕೊಂಡಿತು. ಕಾರು ಖಾಲಿ ಇದ್ದಾಗ, ಊರೊಳಗೆ, ಚೆನ್ನಾಗಿ ಓಡುವುದು. ಜನ ತುಂಬಿಸಿ ಏರು ಹತ್ತಿಸಿದರೆ ಅರ್ಧದಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಡುವುದು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಸ್ಟಾರ್ಟ್ ಆಗುವುದು. ಪ್ಲಗ್ಗು, ಪಾಯಿಂಟು, ಕಾಯಿಲ್ಲು ಎಲ್ಲ ಬದಲಾಯಿತು. ಕಾರ್ಬುರೇಟರನ್ನು ಬಿಚ್ಚಿ ಕಟ್ಟಿದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಬಾನೆಟ್ಟಿನೊಳಗೆ ಪೆಟ್ರೋಲಿನ ಬಾಟ್ಲಿ ನೇತುಹಾಕಿ, ಅದರಿಂದ ನೇರ ಪೈಪು ಕೊಟ್ಟು ಓಡಿಸಿದರು. ಏರು ಸಲೀಸಾಗಿ ಹತ್ತಿತು! ಅಂದರೆ ಇಂಜಿನ್ನಿನದು ತಪ್ಪಿಲ್ಲ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲು ಬರುತ್ತಿಲ್ಲ. ಟ್ಯಾಂಕು ಇಳಿಸಿ ತೊಳೆದರು, ಪೈಪು ಹೊಸದು ಹಾಕಿದರು, ಪಂಪೂ ಹೊಸದು. ಮತ್ತೆ ಏರಿನಲ್ಲಿ ಅದೇ ಕೆಮ್ಮು.

ಕೊನೆಯ ಪರೀಕ್ಷೆ ಎಂದು ರೆಡ್ಡಿಯವರು ಒಂದು ದಿನ ಗೊತ್ತುಮಾಡಿದರು. ಮಧ್ಯಾಹ್ನ ಊಟ ಆದಮೇಲೆ ಕಾರು ಅವರ ಮನೆ ಮುಂದೆ ನಿಂತಿತ್ತು. ಇವರು ಪೆಟ್ರೋಲು ತುಂಬಿಸಿ, ಟ್ಯಾಂಕಿನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಎಳೆದೂ ನೋಡಿದರು. ಆಮೇಲೆ ರೆಡ್ಡಿಯವರ ತಾಯಿ, ವಯಸ್ಸಾದ ಅಜ್ಜಿ, ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದರು. ಕಾರು ಹೊರಡುವಾಗಲೆಲ್ಲ ಅವರದೊಂದು ಪೂಜೆ. ಬಾನೆಟ್ಟಿಗಲ್ಲ, ಸ್ಟೀರಿಂಗಿಗಲ್ಲ, ಹಿಂದೆ ಬಲಮಗ್ಗುಲಿನ ಆ ಮುಚ್ಚಳಕ್ಕೇ. "ಅದು ಊಟ ಮಾಡೋ ಬಾಯಿ ಅಲ್ವಾ ನಾಯನಾ," ಎನ್ನುತ್ತಿದ್ದರು. ಹಿಂದಿನ ಅರಿಶಿನ ಒಣಗಿ ಗಟ್ಟಿಯಾಗಿದ್ದರೂ ಅದರ ಮೇಲೇ ಹೊಸದಾಗಿ ಮೆತ್ತುವುದು. ಅದನ್ನು ಒರೆಸುವ ಧೈರ್ಯ ನಮ್ಮಲ್ಲಿ ಯಾರಿಗಿತ್ತು?

ರೆಡ್ಡಿಯವರು ಮುಂದೆ ಕೂತರು. ಅವರ ತಾಯಿ, ಹೆಂಡತಿ ಹಿಂದೆ. ಡಿಕ್ಕಿಯಲ್ಲಿ ಮಾವಿನಕಾಯಿ ಮೂಟೆಗಳು. ನಾನು ದೂರ ನಿಂತಿದ್ದೆ. "ನೀನೂ ಹತ್ತಮ್ಮಾ, ತೂಕಕ್ಕಾಗ್ತೀಯ," ಎಂದು ರೆಡ್ಡಿಯವರು ನಕ್ಕರು. ನನಗೆ ನಗು ಬರಲಿಲ್ಲ, ಹತ್ತಿ ಬಲಗಡೆ ಕಿಟಕಿಯ ಪಕ್ಕ ಕೂತೆ.

ಮುಳಬಾಗಿಲ ದಾರಿಯಲ್ಲಿ ಬಂಡೆಗಳ ನಡುವೆ ಹೋಗುವ ಒಂದು ಏರಿದೆ. ಅರ್ಧ ಹತ್ತಿರಬೇಕು, ಕೆಮ್ಮು ಶುರುವಾಯಿತು. ಇವರ ಕತ್ತಿನ ಮೇಲೆ ಬೆವರು ಇಳಿಯುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ಆಯಿತು, ಮುಗಿಯಿತು, ಇನ್ನು ಇಟ್ಟಿಗೆ ಗೂಡೇ ಗತಿ ಎಂದುಕೊಂಡೆ.

ಆಗ ನನ್ನ ಬೆನ್ನ ಹಿಂದೆ ಕಾರಿನ ತಗಡನ್ನು ಯಾರೋ ಎರಡು ಸಲ ಬಡಿದರು. ಬಸ್ಸಿನ ಕಂಡಕ್ಟರು "ರೈಟ್" ಎನ್ನುವಾಗ ಬಡಿಯುವುದಿಲ್ಲವೇ, ಥೇಟ್ ಹಾಗೆ. ತಿರುಗಿ ನೋಡಿದೆ. ರಸ್ತೆ ಖಾಲಿ, ಎರಡೂ ಕಡೆ ಬರೀ ಬಂಡೆ, ಬಿಸಿಲು. ಅಷ್ಟರಲ್ಲಿ ಉಸ್ಸ್ ಎಂದು ಉದ್ದನೆಯ ಒಂದು ಸದ್ದು ಬಂತು. ಕಾರು ಒಮ್ಮೆ ಜಗ್ಗಿ, ಕೆಮ್ಮು ಬಿಟ್ಟು, ಗರ್ಜಿಸಿಕೊಂಡು ಏರು ಹತ್ತಿಬಿಟ್ಟಿತು.

ಮೇಲೆ ಸಮತಟ್ಟಿನಲ್ಲಿ ನಿಲ್ಲಿಸಿ ಎಲ್ಲರೂ ಇಳಿದೆವು. ಪೆಟ್ರೋಲಿನ ವಾಸನೆ ಬರುತ್ತಿತ್ತು. ಟ್ಯಾಂಕಿನ ಬಾಯಿ ತೆರೆದಿತ್ತು. ಮುಚ್ಚಳ ರಸ್ತೆಯಲ್ಲಿ ಬಿದ್ದಿರಲಿಲ್ಲ. ಇಳಿಜಾರಾದ ಡಿಕ್ಕಿಯ ಮೇಲೆ, ಪೆಟ್ರೋಲು ಹಾಕುವವರು ಪಕ್ಕಕ್ಕೆ ಇಟ್ಟುಕೊಳ್ಳುವ ಹಾಗೆ, ನೆಟ್ಟಗೆ ಕೂತಿತ್ತು. ಅದರ ಮೇಲಿನ ಕುಂಕುಮ ಒಂದಿಷ್ಟೂ ಅಳಿಸಿರಲಿಲ್ಲ.

ಇವರು ಅದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, "ನಿನ್ ಹೇರ್‌ಪಿನ್ ಕೊಡೇ," ಎಂದರು. ಅಜ್ಜಿಯ ಅಪ್ಪಣೆ ಕೇಳಿ ಅರಿಶಿನ ಕೆರೆದರೆ, ಅಡಿಯಲ್ಲಿ ಸಾಸಿವೆಯಷ್ಟು ಒಂದು ತೂತು ಮುಚ್ಚಿಹೋಗಿತ್ತು. ಪೆಟ್ರೋಲು ಖರ್ಚಾದ ಜಾಗಕ್ಕೆ ಗಾಳಿ ಹೋಗಬೇಕಾದ ದಾರಿಯಂತೆ ಅದು. ಏರಿನಲ್ಲಿ, ಭಾರ ಎಳೆಯುವಾಗ ಪೆಟ್ರೋಲು ಜಾಸ್ತಿ ಬೇಕು. ಗಾಳಿಯಿಲ್ಲದೆ ಟ್ಯಾಂಕು ಬಿಗಿದುಕೊಂಡು ಪೆಟ್ರೋಲು ಬಿಡುತ್ತಿರಲಿಲ್ಲ. ಕಾಯಿಲೆ ಅಷ್ಟೇ.

"ಭಲೇ! ಕೊನೆಗೂ ಹಿಡಿದೆ ಬಿಡು," ಎಂದು ರೆಡ್ಡಿಯವರು ಇವರ ಬೆನ್ನು ತಟ್ಟಿದರು. "ಹೊರಡೋವಾಗ್ಲೇ ಮುಚ್ಚಳ ಸಡಿಲ ಮಾಡಿದ್ದೆ ಅಲ್ವೇನಯ್ಯಾ? ಪರೀಕ್ಷೆ ಮಾಡಕ್ಕೆ?"

ನಾನು ಇವರ ಮೊಣಕೈ ತಿವಿದೆ. ಹೂಂ ಅನ್ನಿ, ಒಂದೇ ಒಂದು ಹೂಂ. ವರ್ಷದ ದುಡಿಮೆ ಆ ಒಂದು ಮಾತಿನಲ್ಲಿತ್ತು.

"ಇಲ್ಲ ರೆಡ್ಡಿಗಾರು," ಎಂದರು ಇವರು. "ನಾನು ಬಿಗಿಯಾಗೇ ಹಾಕಿದ್ದೆ. ಮುಚ್ಚಳದ್ದು ನಂಗೆ ಹೊಳೆದೂ ಇರ್ಲಿಲ್ಲ. ಯಾರು ತೆಗೆದ್ರೋ ಗೊತ್ತಿಲ್ಲ."

ರೆಡ್ಡಿಯವರು ಮುಚ್ಚಳ ನೋಡಿದರು, ಖಾಲಿ ರಸ್ತೆ ನೋಡಿದರು, ಇವರ ಮುಖ ನೋಡಿದರು. ಅಜ್ಜಿ ಕೈಮುಗಿದು ನಿಂತುಬಿಟ್ಟಿದ್ದರು. ಕೊನೆಗೆ ರೆಡ್ಡಿಯವರು ಕಾರಿಗೆ ಹತ್ತುತ್ತಾ, "ನಾಳೆ ಬಂದು ಟ್ರ್ಯಾಕ್ಟರ್ ನೋಡು," ಎಂದಷ್ಟೇ ಹೇಳಿದರು. ಇವರು ಇಟ್ಟಿಗೆ ಗೂಡಿನ ಮಾತು ಮತ್ತೆಂದೂ ಎತ್ತಲಿಲ್ಲ.

ಆಮೇಲೆ ನಾನು ಒಂದು ಕೆಲಸ ಮಾಡಿದೆ. ಹಟಕ್ಕೆ ಬಿದ್ದು ಅದೇ ಮುಚ್ಚಳವನ್ನು ಅದೇ ಡಿಕ್ಕಿಯ ಮೇಲಿಟ್ಟು ಕಾರು ಓಡಿಸಲು ಇವರಿಗೆ ಹೇಳಿದೆ. ಶೆಡ್ಡಿನ ಬಾಗಿಲು ದಾಟುವ ಮೊದಲೇ ಉರುಳಿಬಿತ್ತು. ಕಾರಿನ ಕುಲುಕಾಟಕ್ಕೆ ಕಳಚಿಕೊಂಡಿರಬಹುದು ಎನ್ನೋಣ. ಆದರೆ ಅಲ್ಲಿ ಹೋಗಿ ಕೂತದ್ದು ಹೇಗೆ? ಬಡಿದವರು ಯಾರು? ನನಗೆ ಗೊತ್ತಿಲ್ಲ, ಈ ವಯಸ್ಸಿನಲ್ಲಿ ಇನ್ನು ಗೊತ್ತಾಗುವ ಹಾಗೂ ಇಲ್ಲ.

ಆ ಸಂಜೆ ಮನೆಗೆ ನಡೆದು ಬರುವಾಗ ಇವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದೆ. "ಅಲ್ಲಾ ರೀ, ಹೂಂ ಅಂದಿದ್ರೆ ನಿಮ್ ಗಂಟೇನು ಹೋಗ್ತಿತ್ತು? ಅಲ್ಲಿ ಯಾರಿದ್ರು ನೋಡಕ್ಕೆ?"

ಇವರು ನಡೆಯುತ್ತಲೇ ಹೇಳಿದರು. "ಅದೇ ಕಣೇ ನಂಗೂ ಗೊತ್ತಾಗ್ಲಿಲ್ಲ. ಮುಚ್ಚಳ ತೆಗೆದೋರು ಅಲ್ಲೇ ನಿಂತು ಕೇಳಿಸ್ಕೊಳ್ತಾ ಇದ್ದಿದ್ರೆ?"

ನಾನು ಒಮ್ಮೆ ಹಿಂದಿನ ರಸ್ತೆ ನೋಡಿ, ಹೆಜ್ಜೆ ಜೋರು ಮಾಡಿ ಇವರ ಪಕ್ಕಕ್ಕೆ ಬಂದುಬಿಟ್ಟೆ.